ಗಡ್ಡೆ ಕರಗಿದಾಗ ರಕ್ತದಲ್ಲಿ ಆಗುವುದೇನು?

ಕ್ಯಾನ್ಸರ್ ರೋಗಕ್ಕೆ ಮದ್ದು ಕೊಡಲಾರಂಭಿಸಿದ ಕೆಲವೇ ದಿನಗಳಲ್ಲಿ ಗಡ್ಡೆ ಇಳಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುವುದು. ಆದರೆ ಮದ್ದು ಚೆನ್ನಾಗಿ ಹಿಡಿದುದರಿಂದಲೇ ಅಪಾಯವೊದಗುವ ಸಂದರ್ಭವೂ ಒಂದುಂಟು. ವೈದ್ಯರು ಇದನ್ನು ‘ಟ್ಯೂಮರ್ ಲೈಸಿಸ್ ಸಿಂಡ್ರೋಮ್’ ಎನ್ನುವರು. ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ಮಿತ್ರರು ಕೇಳಬಹುದು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಆಸ್ಪತ್ರೆಯು ನಮ್ಮ ಬಿಕ್ಕೋಡಿಗೆ 200 ಕಿಲೋಮೀಟರಿಗೂ ದೂರ. ಅಲ್ಲಿಂದ ಊರಿಗೆ ಮರಳಿದ ರೋಗಿಯ ಚೀಟಿಗಳನ್ನು ಓದಿ ಹೇಳಬೇಕಾದವರು ಮನೆಯಲ್ಲಿ ನಾಲ್ಕಕ್ಷರ ಕಲಿತ ಮಕ್ಕಳೇ ಅಲ್ಲವೆ?

ಜೀವಕೋಶದೊಳಗೆ ಪೊಟ್ಯಾಸಿಯಂ, ಫಾಸ್ಫೇಟ್, ನ್ಯೂಕ್ಲಿಯಿಕ್ ಆಮ್ಲ ಮೊದಲಾದುವು ತುಂಬಿರುತ್ತವೆ. ಕೋಟ್ಯಂತರ ಕೋಶಗಳು ಒಮ್ಮೆಗೇ ಒಡೆದರೆ ಇವೆಲ್ಲವೂ ರಕ್ತಕ್ಕೆ ನುಗ್ಗುತ್ತವೆ. ನ್ಯೂಕ್ಲಿಯಿಕ್ ಆಮ್ಲವು ಯೂರಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟುವುದು. ಫಾಸ್ಫೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಕೈಕಾಲು ಸೆಡೆಯುವುದು. ಎಲ್ಲಕ್ಕಿಂತ ಭಯಂಕರವಾದುದು ಪೊಟ್ಯಾಸಿಯಂ. ರಕ್ತದಲ್ಲಿ ಅದರ ಸಹಜ ಪ್ರಮಾಣ ಸುಮಾರು 3.5ರಿಂದ 5, ಅದು 6ನ್ನು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ತೀವ್ರ ರಕ್ತ ಕ್ಯಾನ್ಸರಿನಲ್ಲಿಯೂ, 1958ರಲ್ಲಿ ಬರ್ಕಿಟ್ ಎಂಬ ವೈದ್ಯನು ಉಗಾಂಡದಿಂದ ವರದಿ ಮಾಡಿದ ಲಿಂಫೋಮಾದಲ್ಲಿಯೂ ಇದು ಹೆಚ್ಚು. ಬಹುಮಟ್ಟಿಗೆ ಚಿಕಿತ್ಸೆಯ ಮೊದಲ ಮೂರು ದಿನಗಳಲ್ಲಿ, ಒಮ್ಮೊಮ್ಮೆ ವಾರದೊಳಗೆ ಕಾಣಿಸುವುದು. (ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ನಮ್ಮ ಅಂಗಳದ ನಿತ್ಯಪುಷ್ಪದಿಂದ ದೊರೆತದ್ದು. ಹಾಗೆಂದು ಅದರ ಎಲೆಯನ್ನು ಅರೆದು ಕುಡಿಯುವ ಸಾಹಸ ಬೇಡ, ಅದು ವಿಷ.)

ವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ. ನರದ ಮೂಲಕ ಧಾರಾಳವಾಗಿ ದ್ರವ ಹರಿಸುವರು; ದಿನಕ್ಕೆ ಹಲವು ಬಾರಿ ರಕ್ತ ಪರೀಕ್ಷಿಸುವರು; ಯೂರಿಕ್ ಆಮ್ಲ ಹುಟ್ಟದಂತೆ ಅಲೋಪ್ಯೂರಿನಾಲ್ ಮಾತ್ರೆ ಕೊಡುವರು. ಈ ಮದ್ದಿನ ಹಿಂದೆ ದುಡಿದ ಎಲಿಯನ್ ಮತ್ತು ಹಿಚಿಂಗ್ಸ್ ಇಬ್ಬರಿಗೂ 1988ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹೆಚ್ಚಿನ ಸಸ್ತನಿಗಳ ದೇಹದಲ್ಲಿ ಯೂರಿಕ್ ಆಮ್ಲವನ್ನು ಕರಗಿಸುವ ಕಿಣ್ವವೊಂದಿದೆ, ಮನುಷ್ಯನಿಗೆ ಅದಿಲ್ಲ. ಆ ಕೊರತೆಯನ್ನು ತುಂಬುವ ಚುಚ್ಚುಮದ್ದು ರಾಸ್ಬುರಿಕೇಸ್.

ಇನ್ನು ನಮ್ಮ ಪದ್ಧತಿಯ ವಿಷಯ. ರೋಗಿಯನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಅರಸೀಕೆರೆ ಕಡೆಯ ಎಳನೀರು, ಬಾಳೆಹಣ್ಣು ಇವೇ ನಮ್ಮ ಉಪಚಾರ. ಇವೆರಡರಲ್ಲಿಯೂ ಪೊಟ್ಯಾಸಿಯಂ ಹೇರಳ. ಮಿಕ್ಕ ವೇಳೆಯಲ್ಲಿ ಅಮೃತಸಮಾನವಾದ ಎಳನೀರು, ಮೂತ್ರಪಿಂಡ ಸೋತಿರುವ ಈ ದಿನಗಳಲ್ಲಿ ಕೇಡು ಮಾಡಬಲ್ಲದು. ಪ್ರೀತಿಯಿಂದ ತಂದುದನ್ನು ಬೇಡವೆನ್ನಲು ಸಂಕೋಚವಾಗುವುದು ನಿಜ. ಆದರೂ ವೈದ್ಯರನ್ನು ಕೇಳದೆ ಕುಡಿಸಬಾರದು. ಮೂತ್ರ ಕಡಿಮೆಯಾದರೆ, ವಾಂತಿ, ಸೆಳೆತ, ಎದೆಬಡಿತದಲ್ಲಿ ಏರುಪೇರು ಕಂಡರೆ ಬೆಳಗಾಗಲೆಂದು ಕಾಯದೆ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ದು, ಮದ್ದು ಆರಂಭಿಸಿದ ದಿನವನ್ನು ಮೊದಲು ಹೇಳಬೇಕು.