ನೀರು ಹೆಚ್ಚಾದರೆ ಸಾಯುವ ಮರುಭೂಮಿ ಗುಲಾಬಿ

‘ಬ್ಯಾಸಗಿ ಪೂರ್ತಿ ಹೂ ಬಿಟ್ಟಿತ್ರಿ, ದಸರಾ ಹೊತ್ತಿಗೆ ಬುಡ ಕೊಳೆತು ಬಿತ್ತು.’ ಅಡೇನಿಯಂ ತಂದು ನೆಟ್ಟವರ ಮಾಮೂಲಿ ದೂರು ಇದು. ಕಾರಣ ಹುಡುಕಲು ಜವಳಗೇರಾ ಸುತ್ತಿನ ನಾವು ದೂರ ಹೋಗಬೇಕಿಲ್ಲ. ಅದು ನಮ್ಮ ಕಾಲಡಿಯ ಎರಿ ಮಣ್ಣು. ಒಮ್ಮೆ ನೆನೆದರೆ ವಾರಗಟ್ಟಲೆ ಹಸಿ ಬಿಡದ ಗುಣ ಹಿಂಗಾರಿ ಜೋಳಕ್ಕೆ ವರ, ಈ ಗಿಡಕ್ಕೆ ಮಾರಿ.

ಹೆಸರು ಮರುಭೂಮಿ ಗುಲಾಬಿ ಎಂದಿದ್ದರೂ ಇದು ಗುಲಾಬಿಯಲ್ಲ, ಕಣಗಿಲೆಯ ಕುಲ. ಸಹಾರಾದ ದಕ್ಷಿಣದ ಅಂಚು, ಪೂರ್ವ ಆಫ್ರಿಕಾ, ಅರೇಬಿಯಾ ಇದರ ತವರು. ಅಲ್ಲಿ ಮಳೆ ಅಪರೂಪ. ಬಂದಾಗ ಕುಡಿದ ನೀರನ್ನು ಉಬ್ಬಿದ ಬುಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ನಮ್ಮ ಏಪ್ರಿಲ್ ಬಿಸಿಲು ಇದಕ್ಕೆ ತವರಿನ ಬಿಸಿಲೇ. ನೆರಳಿಗಿಟ್ಟು ಕಾಪಾಡಲು ಹೋದರೆ ಸೊರಗಿ ಉದ್ದವಾಗುತ್ತದೆ, ಹೂ ಬಿಡದು.

ಹೊಲದ ಮಣ್ಣನ್ನು ಒಂದು ಹಿಡಿಯೂ ಹಾಕಬೇಡಿ. ಹಳ್ಳದ ದಪ್ಪ ಉಸುಕು ಇಲ್ಲವೇ ಗರಸು ಎರಡು ಪಾಲು, ಇಟ್ಟಂಗಿ ಚೂರು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಸಾಕು. ಕುಂಡ ಅಗಲವಾಗಿರಲಿ, ಆಳ ಬೇಡ. ಒಂದು ಚರಿಗೆ ನೀರು ಸುರಿದರೆ ಆಗಿಂದಾಗಲೇ ತಳದ ತೂತಿನಿಂದ ಇಳಿಯಬೇಕು. ನಿಂತರೆ ಮಿಶ್ರಣ ಬದಲಿಸಿ.

ನೀರಿಗೆ ಗಡಿಯಾರದ ಲೆಕ್ಕವಿಲ್ಲ. ಬೆರಳು ಹಾಕಿ ನೋಡಿ, ಪೂರ್ತಿ ಒಣಗಿದ್ದರೆ ಕೊಡಿ. ಸೆಪ್ಟೆಂಬರಿನ ಜಡಿ ಮಳೆಗೆ ಕುಂಡವನ್ನು ಸೂರಿನಡಿಗೆ ಸರಿಸುವುದೇ ಅರ್ಧ ಸಾಗುವಳಿ. ಚಳಿಯಲ್ಲಿ ಎಲೆ ಉದುರಿದರೆ ‘ಪಾಪ, ಬಾಯಾರಿದೆ’ ಅಂತ ನೀರು ಹೊಯ್ಯುವವರೇ ಹೆಚ್ಚು! ಅದು ನಿದ್ದೆ ಮಾಡುತ್ತಿರುತ್ತದೆ. ಇನ್ನು ಸವಳು ಬೋರಿನ ನೀರಾದರೆ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ಆಗಾಗ ಸಿಹಿ ನೀರು ಹಾಯಿಸಿ ಉಪ್ಪು ತೊಳೆದುಬಿಡಿ.

ಬುಡ ಒತ್ತಿದರೆ ಮೆತ್ತಗಾಯಿತೇ? ತಡ ಮಾಡಬೇಡಿ. ಗಿಡ ಕಿತ್ತು, ಶುಭ್ರ ಬಿಳಿ ಭಾಗ ಕಾಣುವ ತನಕ ಕೊಳೆತದ್ದನ್ನು ಕೊಯ್ದು, ಮ್ಯಾಂಕೋಜೆಬ್ ಪುಡಿ ಸವರಿ ವಾರವಿಡೀ ನೆರಳಲ್ಲಿ ಒಣಗಿಸಿ. ಒಣ ಮಿಶ್ರಣದಲ್ಲೇ ಮತ್ತೆ ನೆಡಿ. ಬಹಳಷ್ಟು ಬದುಕುತ್ತವೆ. ಎಕ್ಕದ ಕುಡಿಗೆ ಬರುವ ಹಳದಿ ಹೇನು ಇದಕ್ಕೂ ಬರುತ್ತದೆ, ಬೇವಿನೆಣ್ಣೆ-ಸಾಬೂನು ನೀರು ಸಾಕು.

ಕೇಂದ್ರದ ಬೀಜದ ಫಾರಂ ಇರುವ ಊರು ನಮ್ಮದು, ಬೀಜದ ಮಾತು ಬಿಡಲಾದೀತೇ? ಕೊಂಬಿನಂಥ ಜೋಡಿ ಕಾಯಿ ಮಾಗುತ್ತಿದ್ದಂತೆ ದಾರ ಸುತ್ತಿ. ಇಲ್ಲದಿದ್ದರೆ ಸಿಡಿದು, ಎರಡೂ ತುದಿಗೆ ರೇಷ್ಮೆ ಕುಚ್ಚಿರುವ ಬೀಜ ಗಾಳಿಪಾಲು. ಹೊಸ ಬೀಜ ಬೆಚ್ಚಗಿದ್ದರೆ ವಾರದೊಳಗೆ ಮೊಳೆಯುತ್ತದೆ. ದಪ್ಪ ಬುಡ ಬೇಕೆಂದರೆ ಬೀಜದ ಗಿಡವೇ ಆಗಬೇಕು, ಕಡ್ಡಿ ನೆಟ್ಟರೆ ಆ ಚೆಂದ ಬರದು. ಆದರೆ ಬೀಜದ ಗಿಡ ತಾಯಿಯ ಬಣ್ಣವನ್ನೇ ಕೊಡುವ ಖಾತ್ರಿಯಿಲ್ಲ. ಅದಕ್ಕೆ ಕಸಿಯೇ ದಾರಿ. ಮನೆಯಂಗಳದಲ್ಲಿ ನಲವತ್ತು-ಐವತ್ತು ಕುಂಡ ಬೆಳೆಸಿ ಪೇಟೆಗೆ ಮಾರುವುದು ಹೆಣ್ಣುಮಕ್ಕಳ ಕೈಖರ್ಚಿಗೆ ಒಳ್ಳೆಯದೇ. ಭತ್ತ ಬಿಟ್ಟು ಎಕರೆಗಟ್ಟಲೆ ಹಾಕುವ ಬೆಳೆ ಇದಲ್ಲ.

ಹೊಸ ಚಿಗುರಿನ ತುದಿಯಲ್ಲೇ ಹೂ. ಹಾಗಾಗಿ ಚಳಿ ಮುಗಿದ ಮೇಲೆ ಕೊಂಬೆ ಸವರಿ. ಹಾಲು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಆಮೇಲೆ ಕೈ ತೊಳೆಯಿರಿ. ಆಫ್ರಿಕಾದಲ್ಲಿ ಬಾಣದ ತುದಿಗೆ ಬಳಿಯುತ್ತಿದ್ದ ವಿಷ ಅದು, ಹೃದಯಕ್ಕೇ ತಟ್ಟುತ್ತದೆ. ಕತ್ತರಿಸಿದ ಕಡ್ಡಿಗಳನ್ನು ಆಡು-ಕುರಿ ಬಾಯಿ ಹಾಕುವ ತಿಪ್ಪೆಗೆ ಎಸೆಯದೆ ಗುಂಡಿ ತೋಡಿ ಮುಚ್ಚಿ.