ನೆರಳುತುಂಬಿಯ ರೆಕ್ಕೆಮಚ್ಚೆ: ಸಮೀಪ ಛಾಯಾಗ್ರಹಣದ ಒಂದು ಪಾಠ

ಕಾಸರಗೋಡಿನ ಕನ್ನಡ ವಿದ್ಯಾರ್ಥಿಗೆ ‘ತುಂಬಿ’ ಎಂಬ ಪದವು ಎರಡು ಕೀಟಗಳನ್ನು ಏಕಕಾಲಕ್ಕೆ ನೆನಪಿಗೆ ತರುತ್ತದೆ. ಕನ್ನಡ ಕಾವ್ಯದ ತುಂಬಿ ಮಕರಂದವನ್ನು ಅರಸುವ ದುಂಬಿ. ಮಲಯಾಳದ ತುಂಬಿಯಾದರೋ ಆಡುಮಾತಿನ ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರಾಗನ್‌ಫ್ಲೈ. ಅದರ ತೆಳುದೇಹದ ಬಂಧುವಾದ ಡ್ಯಾಮ್ಸೆಲ್‌ಫ್ಲೈ ಅಲ್ಲಿ ‘ಸೂಚಿತ್ತುಂಬಿ’, ಸೂಜಿಯಂಥ ತುಂಬಿ. ಇವುಗಳಲ್ಲಿ ಕಾಡುತೊರೆಯ ಮಬ್ಬಿನಲ್ಲೇ ಬಾಳುವ ಒಂದು ಕುಟುಂಬಕ್ಕೆ ‘ನಿೞಲ್ತುಂಬಿ’ ಎಂದು ಹೆಸರು. ಇಲ್ಲಿಯ ನಿೞಲ್ ಹಳಗನ್ನಡದ ನೆೞಲ್, ಇಂದಿನ ನೆರಳು.

ಪಶ್ಚಿಮಘಟ್ಟಕ್ಕಷ್ಟೇ ಸೀಮಿತವಾದ ಅಪರೂಪದ ನೆರಳುತುಂಬಿ ಪ್ರೋಟೋಸ್ಟಿಕ್ಟಾ ಸ್ಯಾಂಗ್ವಿನೋಸ್ಟಿಗ್ಮಾ. 1922ರಲ್ಲಿ ಇದನ್ನು ವರ್ಣಿಸಿದ ಎಫ್. ಸಿ. ಫ್ರೇಸರ್ ಲ್ಯಾಟಿನ್ನಿನ ರಕ್ತವಾಚಕ ಪದವನ್ನೂ ಗ್ರೀಕ್ ಮೂಲದ ‘ಗುರುತು’ ಎಂಬ ಪದವನ್ನೂ ಕೂಡಿಸಿ ಹೆಸರಿಟ್ಟರು. ರೆಕ್ಕೆಯ ತುದಿಯ ಬಳಿ ಸಾಸಿವೆಗಿಂತಲೂ ಚಿಕ್ಕದಾದ ರಕ್ತವರ್ಣದ ಮಚ್ಚೆಯಿರುವುದೇ ಇದಕ್ಕೆ ಕಾರಣ. ಕ್ಯಾಮೆರಾ ಏನನ್ನು ಹುಡುಕಬೇಕೆಂಬುದನ್ನು ಹೆಸರೇ ತಿಳಿಸುತ್ತದೆ.

ಆದರೆ ಹೆಸರಿನ ಸುಳಿವೊಂದೇ ಸಾಲದು. ಕೆಂಪು ಮಚ್ಚೆಯಿಂದಲೇ ಹೆಸರು ಪಡೆದ ರೂಫೋಸ್ಟಿಗ್ಮಾ ಎಂಬ ಇನ್ನೊಂದು ಪ್ರಭೇದವೂ ಇದೇ ಕುಲದಲ್ಲಿದೆ. ಆದುದರಿಂದ ಗುರುತಿಸುವಿಕೆಗೆ ಕನಿಷ್ಠ ಮೂರು ಚಿತ್ರಗಳು ಬೇಕು: ಎದೆಯ ಪಟ್ಟೆಗಳನ್ನು ತೋರಿಸುವ ಪಾರ್ಶ್ವನೋಟ, ರೆಕ್ಕೆಯ ನರಗಳನ್ನೂ ಮಚ್ಚೆಯನ್ನೂ ತೋರಿಸುವ ನೋಟ, ಮತ್ತು ಗಂಡಿನ ಬಾಲತುದಿಯ ಹಿಡಿಕೆಗಳ ಸಮೀಪಚಿತ್ರ. ಕೂಡುವಾಗ ಹೆಣ್ಣನ್ನು ಹಿಡಿಯುವ ಈ ಹಿಡಿಕೆಗಳ ಆಕಾರವು ಪ್ರಭೇದದಿಂದ ಪ್ರಭೇದಕ್ಕೆ ಭಿನ್ನವಾಗಿರುತ್ತದೆ. ಹಿನ್ನೆಲೆ ಎಷ್ಟೇ ಸುಂದರವಾಗಿದ್ದರೂ ಈ ಅಂಗಗಳು ಕಾಣದ ಚಿತ್ರದಿಂದ ಪ್ರಭೇದವನ್ನು ಖಚಿತವಾಗಿ ಹೇಳುವುದು ಕಷ್ಟ.

ಮ್ಯಾಕ್ರೋ ಮಸೂರದಿಂದ ಅತಿ ಸಮೀಪದಲ್ಲಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರ್. ಕೀಟದ ನೀಳ ಉದರಕ್ಕೆ ಕ್ಯಾಮೆರಾ ಸಮಾಂತರವಾಗಿದ್ದರೆ ಕಣ್ಣಿನಿಂದ ಬಾಲದವರೆಗೂ ರೇಖೆಗಳು ನಿಚ್ಚಳವಾಗುತ್ತವೆ. ಸ್ವಲ್ಪ ಓರೆಯಾದರೂ ಒಂದು ತುದಿ ಮಸುಕಾಗುತ್ತದೆ. ದ್ಯುತಿರಂಧ್ರವನ್ನು ಕಿರಿದುಗೊಳಿಸಿದರೆ ಆಳ ಹೆಚ್ಚುತ್ತದೆ, ಬೆಳಕು ತಗ್ಗುತ್ತದೆ. ಮಬ್ಬುಗಾಡಿನಲ್ಲಿ ಈ ಕೊರತೆಯನ್ನು ತುಂಬಲು ತೆಳುಬಿಳಿಯ ಪರದೆ ತೊಡಿಸಿದ ಫ್ಲ್ಯಾಶ್ ಬಳಕೆಯಾಗುತ್ತದೆ. ಸಂಯುಕ್ತ ನೇತ್ರಗಳು ಬಹುತೇಕ ಎಲ್ಲ ದಿಕ್ಕುಗಳ ಚಲನೆಯನ್ನೂ ಗ್ರಹಿಸುವುದರಿಂದ, ಕೆಳಮಟ್ಟದಲ್ಲಿ ನಿಧಾನವಾಗಿ, ತನ್ನ ನೆರಳು ಕೀಟದ ಮೇಲೆ ಬೀಳದಂತೆ ಸಮೀಪಿಸುವವನಿಗೇ ಚಿತ್ರ ದೊರೆಯುತ್ತದೆ.

ಫ್ರೇಸರ್ ಕಾಲದಲ್ಲಿ ಗುರುತಿಸಲು ಕೀಟವನ್ನು ಹಿಡಿದು ಕೊಲ್ಲಬೇಕಾಗಿತ್ತು. ಇಂದು ಅನೇಕ ವೇಳೆ ಚಿತ್ರವೇ ದಾಖಲೆಯಾಗಬಲ್ಲದು. ಆದರೆ ಚಿತ್ರಕ್ಕಾಗಿ ತೊರೆಯಂಚಿನ ಬೇರು, ಒಣಗಿದ ಕಡ್ಡಿಗಳನ್ನು ಕಿತ್ತರೆ ಕೀಟ ಕೂರುವ ತಾಣವೇ ಹಾಳಾಗುತ್ತದೆ. ನೀರಿಗಿಳಿದು ತುಳಿದರೆ ಅಲ್ಲಿ ಬೆಳೆಯುತ್ತಿರುವ ಮರಿಗಳಿಗೆ ಅಪಾಯ. ಆಗತಾನೇ ಪೊರೆ ಕಳಚಿ ಬಂದ ಕೀಟದ ರೆಕ್ಕೆ ಇನ್ನೂ ಮೃದು. ಅದನ್ನು ಹಾರಿಸುವುದೂ ಹಾನಿಯೇ. ಅಪರೂಪದ ಪ್ರಭೇದವಾದರೆ ನಿಖರವಾದ ಸ್ಥಳವನ್ನು ಎಲ್ಲರಿಗೂ ಸಾರದಿರುವುದು ಲೇಸು. ತೊರೆಯ ಮೇಲಿನ ಮರಗಳು ಉರುಳಿದರೆ ನೆರಳು ಹೋಗುತ್ತದೆ. ನೆರಳಿಲ್ಲದೆಡೆ ಈ ತುಂಬಿಗೆ ನೆಲೆಯಿಲ್ಲ.

ಅಭ್ಯಾಸ: ಮನೆಯ ಸಮೀಪದ ತೋಡು ಅಥವಾ ಕೆರೆಯಂಚಿನಲ್ಲಿ ಕಾಣುವ ಒಂದು ತುಂಬಿಯನ್ನು ಹಿಡಿಯದೆ ಗಮನಿಸಿ, ಅದರ ಎದೆ, ರೆಕ್ಕೆ, ಬಾಲತುದಿಗಳನ್ನು ಹತ್ತು ವಾಕ್ಯಗಳಲ್ಲಿ ವರ್ಣಿಸಿರಿ. ಮನೆಮಾತಿನಲ್ಲಿ ಅದಕ್ಕಿರುವ ಹೆಸರನ್ನು ಹಿರಿಯರಿಂದ ಕೇಳಿ ಬರೆಯಿರಿ.