ಹೊಸ ಕಾನ್ಫರೆನ್ಸಿಗೆ ಮರ್ಯಾದೆ ಸಿಗುವುದು ಎಲ್ಲಿಂದ?

ಇದು ಅಮೆರಿಕದ ಕಾಲೇಜುಗಳ ಐಸ್ ಹಾಕಿಯ ಮಾತು. ಅಲ್ಲಿ ಪುರುಷರ ಮೇಲಿನ ದರ್ಜೆಯಲ್ಲಿ 60ಕ್ಕೂ ಹೆಚ್ಚು ತಂಡಗಳಿವೆ. ಬಹುತೇಕ ಎಲ್ಲವೂ ಒಂದಲ್ಲ ಒಂದು ಕಾನ್ಫರೆನ್ಸಿಗೆ, ಅಂದರೆ ಕಾಲೇಜುಗಳು ಸೇರಿ ಕಟ್ಟಿಕೊಂಡ ಲೀಗಿಗೆ, ಸೇರಿದವು. ಋತುವಿನ ಕೊನೆಗೆ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ನಡೆಸುವ ರಾಷ್ಟ್ರೀಯ ಟೂರ್ನಿಗೆ ಹೋಗುವವು 16 ಮಾತ್ರ. ಆರು ಕಾನ್ಫರೆನ್ಸುಗಳ ಚಾಂಪಿಯನ್ನರಿಗೆ ನೇರ ಪ್ರವೇಶ. ಉಳಿದ ಹತ್ತು ಜಾಗ ರ‍್ಯಾಂಕಿಂಗ್ ನೋಡಿ ತುಂಬುತ್ತಾರೆ.

ಹೊಸ ಕಾನ್ಫರೆನ್ಸಿಗೆ ಈ ನೇರ ಪ್ರವೇಶ ಬೇಕಾದರೆ ಕನಿಷ್ಠ ಆರು ತಂಡಗಳಿರಬೇಕು. ಸಾಮಾನ್ಯವಾಗಿ ಕೆಲವು ವರ್ಷ ಕಾಯಲೂಬೇಕು. 1998ರಲ್ಲಿ ಆಟ ಶುರುಮಾಡಿದ ಎಂಎಎಸಿ ಎಂಬ ಕಾನ್ಫರೆನ್ಸಿಗೆ ಅದು ದಕ್ಕಿದ್ದು 2001ರಲ್ಲಿ. 1999ರಲ್ಲಿ ಶುರುವಾದ ಕಾಲೇಜ್ ಹಾಕಿ ಅಮೆರಿಕ ಎಂಬ ಕಾನ್ಫರೆನ್ಸ್ 2003ರವರೆಗೆ ಕಾಯಿತು.

ಆದರೆ ಪ್ರವೇಶ ಬೇರೆ, ಮರ್ಯಾದೆ ಬೇರೆ. ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಒಂದು ಕಾನ್ಫರೆನ್ಸಿನ ತಂಡಗಳು ತಮ್ಮತಮ್ಮಲ್ಲೇ ಆಡಿದಾಗ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಎಲ್ಲವನ್ನೂ ಕೂಡಿದರೆ ಗೆಲುವು ಸೋಲು ಸಮಸಮ. ಬಲವಾದ ಕಾನ್ಫರೆನ್ಸಿನಲ್ಲೂ ಹಾಗೇ, ದುರ್ಬಲವಾದದ್ದರಲ್ಲೂ ಹಾಗೇ. ಹಾಗಿದ್ದರೆ ಯಾವುದು ಬಲವಾದದ್ದು ಎಂದು ರ‍್ಯಾಂಕಿಂಗಿಗೆ ಗೊತ್ತಾಗುವುದು ಹೇಗೆ? ಹೊರಗಿನವರ ಜತೆಗಿನ ಪಂದ್ಯಗಳಿಂದ ಮಾತ್ರ. ಅವು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಮುಗಿದಿರುತ್ತವೆ. ಆಗ ಸೋತರೆ, ಜನವರಿಯ ನಂತರ ತಮ್ಮೊಳಗೆ ಎಷ್ಟೇ ಸೊಗಸಾಗಿ ಆಡಿದರೂ ಇಡೀ ಗುಂಪಿನ ಅಂಕ ಮೇಲೇಳುವುದಿಲ್ಲ. ಅದರಲ್ಲೂ ದೊಡ್ಡ ಕಾಲೇಜುಗಳು ಸಣ್ಣವರ ಊರಿಗೆ ಬರುವುದು ಅಪರೂಪ. ಸಣ್ಣವರೇ ಬಸ್ಸು ಹತ್ತಿ ಹೋಗಿ ಅವರ ಅಂಗಳದಲ್ಲಿ ಗೆಲ್ಲಬೇಕು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಆದರೂ ಗೆದ್ದವರಿದ್ದಾರೆ. ಕಾಲೇಜ್ ಹಾಕಿ ಅಮೆರಿಕದ ಮೊದಲ ಋತುವಿನಲ್ಲೇ, ನೇರ ಪ್ರವೇಶವಿಲ್ಲದ 2000ರಲ್ಲಿ, ನಯಾಗರಾ ತಂಡ ಆಯ್ಕೆಯಾಗಿ ನ್ಯೂ ಹ್ಯಾಂಪ್‌ಶೈರನ್ನು 4-1ರಿಂದ ಮಣಿಸಿತು. ಎಂಎಎಸಿಯ ತಂಡಗಳು 2003ರಲ್ಲಿ ಅಟ್ಲಾಂಟಿಕ್ ಹಾಕಿ ಎಂಬ ಹೆಸರಿನಡಿ ಮುಂದುವರಿದವು. ಆ ಕೂಟದ ಹೋಲಿ ಕ್ರಾಸ್ 2006ರ ಮಾರ್ಚಿನಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಮಿನ್ನೆಸೋಟದ ಎದುರು ಇಳಿದಾಗ ಅದು ಗೆಲ್ಲುತ್ತದೆಂದು ನಂಬಿದವರು ಕಡಿಮೆ. ಪಂದ್ಯ 3-3ರಲ್ಲಿ ನಿಂತು ಹೆಚ್ಚುವರಿ ಸಮಯಕ್ಕೆ ಹೋಯಿತು. ಮೊದಲ ನಿಮಿಷದಲ್ಲೇ ಹೋಲಿ ಕ್ರಾಸ್‌ನ ಟೈಲರ್ ಮೆಕ್‌ಗ್ರೆಗರ್ ಗೋಲು ಹೊಡೆದು ಪಂದ್ಯ ಗೆಲ್ಲಿಸಿದರು. ಆ ಕಾನ್ಫರೆನ್ಸಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ಅದೇ ಮೊದಲ ಜಯ. 2009ರಲ್ಲಿ ಕಾಲೇಜ್ ಹಾಕಿ ಅಮೆರಿಕದ ಬೆಮಿಜಿ ಸ್ಟೇಟ್, ಮರುವರ್ಷ ಅಟ್ಲಾಂಟಿಕ್‌ನ ಆರ್‌ಐಟಿ ಸೆಮಿಫೈನಲ್ ತಲುಪಿದವು.

ಹಳೇ ತಂಡಗಳೇ ಸೇರಿ ಹೊಸ ಕಾನ್ಫರೆನ್ಸ್ ಕಟ್ಟಿದರೆ ದಾರಿ ಸಲೀಸು. 2021ರಲ್ಲಿ ಡಬ್ಲ್ಯುಸಿಎಚ್‌ಎ ಎಂಬ ಕಾನ್ಫರೆನ್ಸ್ ಬಿಟ್ಟ ಏಳು ತಂಡಗಳು ಸೇಂಟ್ ಥಾಮಸ್ ಜತೆಗೂಡಿ ಸಿಸಿಎಚ್‌ಎ ಎಂಬ ಹಳೇ ಹೆಸರಿಗೆ ಮರುಜೀವ ಕೊಟ್ಟಾಗ, ಮೊದಲ ಋತುವಿನ ಚಾಂಪಿಯನ್ನರಿಗೇ ನೇರ ಪ್ರವೇಶ ಸಿಕ್ಕಿತು.

ಸಿಕ್ಕಿದ್ದು ಉಳಿಯಬೇಕಾದರೆ ತಂಡಗಳೂ ಉಳಿಯಬೇಕು. ಒಂದೊಂದೇ ತಂಡ ಕಳಚಿಕೊಂಡು ಕಾಲೇಜ್ ಹಾಕಿ ಅಮೆರಿಕದ ಪುರುಷರ ಲೀಗ್ 2010ರಲ್ಲಿ ಮುಚ್ಚಿತು. ಅದರ ಕೊನೆಯ ಚಾಂಪಿಯನ್ ಅಲಬಾಮಾ-ಹಂಟ್ಸ್‌ವಿಲ್, ರಾಷ್ಟ್ರೀಯ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ಮಯಾಮಿಗೆ ಸೋತದ್ದು ಬರೀ 2-1ರಿಂದ. ಮುಂದಿನ ಮೂರು ಋತು ಅದು ಯಾವ ಕಾನ್ಫರೆನ್ಸೂ ಇಲ್ಲದೆ ಒಂಟಿಯಾಗಿ ಆಡಿತು.